ಗುಲ್ಮಾರ್ಗ್ ಸ್ಕೀ ಪ್ರವಾಸ: ಕ್ಯಾನ್ಸಲ್ ಮಾಡುವುದೋ, ತಾರೀಖು ಬದಲಿಸುವುದೋ? ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದಿಂದ ಡಿಸೆಂಬರ್–ಮಾರ್ಚ್ ನಡುವೆ ಗುಲ್ಮಾರ್ಗ್‌ಗೆ ಸ್ಕೀಯಿಂಗ್‌ಗೆಂದು ಟಿಕೆಟ್ ಮಾಡಿಸಿ, ಆಮೇಲೆ ಹೋಗುವುದೋ ಬಿಡುವುದೋ ಎಂದು ತೂಗುಯ್ಯಾಲೆಯಲ್ಲಿ ಕೂತವರಿಗಾಗಿ ಈ ಪುಟ. ಏರ್‌ಲೈನ್, ಹೋಟೆಲ್‌ಗಳ ಶರತ್ತು ಆಗಾಗ ಬದಲಾಗುತ್ತವೆ. ಹಾಗಾಗಿ ನಿಮ್ಮ ಟಿಕೆಟ್ ಮತ್ತು ಹೋಟೆಲ್ ವೋಚರ್ ಎರಡನ್ನೂ ಮುಂದಿಟ್ಟುಕೊಂಡು ಓದಿ.

ಗುಲ್ಮಾರ್ಗ್‌ನಲ್ಲಿ ಇನ್ನೂ ಹಿಮವೇ ಬಿದ್ದಿಲ್ಲವಂತೆ. ಈಗಲೇ ಕ್ಯಾನ್ಸಲ್ ಮಾಡಿಬಿಡೋಣವೇ?

ಪ್ರಯಾಣಕ್ಕೆ ಎರಡು ವಾರಕ್ಕಿಂತ ಹೆಚ್ಚು ಸಮಯವಿದ್ದರೆ ಬೇಡ. ಕಾಶ್ಮೀರದ ಹಿಮ ದಿನವೂ ಸ್ವಲ್ಪ ಸ್ವಲ್ಪ ಬೀಳುವಂಥದ್ದಲ್ಲ. ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ವಾಯುಭಾರ ಕುಸಿತಗಳು ಹೊತ್ತು ತರುವ ಹಿಮ ಅದು. ಒಂದು ಬಲವಾದ ಸುತ್ತು ಬಂದರೆ ಎರಡು ದಿನದಲ್ಲಿ ಇಡೀ ಮೈದಾನದ ಚಿತ್ರ ಬದಲಾಗುತ್ತದೆ. 2024ರ ಜನವರಿಯಲ್ಲಿ ಗುಲ್ಮಾರ್ಗ್ ತಿಂಗಳ ಕೊನೆಯ ವಾರದವರೆಗೂ ಒಣಗಿಕೊಂಡೇ ಇತ್ತು. ಕಂದು ಹುಲ್ಲಿನ ಫೋಟೋಗಳು ಎಲ್ಲೆಡೆ ಓಡಾಡಿದವು. ಅದೇ ಫೆಬ್ರವರಿ 21ರಿಂದ 25ರವರೆಗೆ ಅಲ್ಲೇ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ನಡೆಯಿತು.

ಇದಕ್ಕೆ ತದ್ವಿರುದ್ಧವಾದದ್ದೂ ಉಂಟು. 2025ರಲ್ಲಿ ಅದೇ ಕ್ರೀಡಾಕೂಟ ಫೆಬ್ರವರಿ 22ಕ್ಕೆ ನಿಗದಿಯಾಗಿತ್ತು. ಸಾಕಷ್ಟು ಹಿಮವಿಲ್ಲವೆಂದು ಮುಂದೆ ಹೋಗಿ, ಮಾರ್ಚ್ 9ರಿಂದ 12ರವರೆಗೆ ನಡೆಯಿತು. ಅಂದರೆ ‘ಫೆಬ್ರವರಿ ಅಂದಮೇಲೆ ಹಿಮ ಖಂಡಿತ’ ಎಂದು ಯಾರಾದರೂ ಹೇಳಿದರೆ ನಂಬಿ ದುಡ್ಡು ಕಟ್ಟಬೇಡಿ.

ಹಾಗಾದರೆ ನಿರ್ಧಾರ ಮಾಡಬೇಕಾದದ್ದು ಯಾವಾಗ?

ಹಿಮ ನೋಡಿ ಅಲ್ಲ, ನಿಮ್ಮ ಬುಕಿಂಗ್‌ಗಳ ಗಡುವು ನೋಡಿ. ಒಂದು ಹಾಳೆಯಲ್ಲಿ ಮೂರು ತಾರೀಖು ಬರೆದುಕೊಳ್ಳಿ: ಹೋಟೆಲಿನವರು ಪೂರ್ತಿ ಹಣ ವಾಪಸ್ ಕೊಡುವ ಕೊನೆಯ ದಿನ, ಏರ್‌ಲೈನಿನ ಶುಲ್ಕ ಏರುವ ದಿನ (ಹಲವು ಏರ್‌ಲೈನ್‌ಗಳಲ್ಲಿ ಪ್ರಯಾಣದ ದಿನ ಹತ್ತಿರವಾದಂತೆ ಶುಲ್ಕ ಹೆಚ್ಚು), ಮತ್ತು ಪ್ರಯಾಣಕ್ಕೆ ಐದು ದಿನ ಮುಂಚಿನ ತಾರೀಖು. ಮೊದಲೆರಡು ಹಣದ ಗಡುವುಗಳು. ಮೂರನೆಯದು ಹವಾಮಾನದ ಗಡುವು, ಏಕೆಂದರೆ ಮುನ್ಸೂಚನೆ ನಂಬಿಕೆಗೆ ಯೋಗ್ಯವಾಗುವುದು ಸುಮಾರು ಆ ಹೊತ್ತಿಗೇ. ಈ ಮೂರು ದಿನ ಬಿಟ್ಟು ಉಳಿದ ದಿನ ಫೋನಿನಲ್ಲಿ ಹವಾಮಾನ ನೋಡುತ್ತ ಕೂತರೆ ಸಿಗುವುದು ತಲೆನೋವು ಮಾತ್ರ.

ಟಿಕೆಟ್ ಮಾಡಿಸಿದ್ದು ಇವತ್ತೇ ಆಗಿದ್ದರೆ ಇನ್ನೊಂದು ಬಾಗಿಲಿದೆ. ಏರ್‌ಲೈನಿನ ಸ್ವಂತ ವೆಬ್‌ಸೈಟಿನಲ್ಲಿ ಕೊಂಡು, ಪ್ರಯಾಣಕ್ಕೆ ವಾರಕ್ಕಿಂತ ಹೆಚ್ಚು ಸಮಯವಿದ್ದರೆ, ಕೊಂಡ ಮೇಲೆ ನಿಗದಿತ ಅವಧಿಯೊಳಗೆ ಶುಲ್ಕವಿಲ್ಲದೆ ರದ್ದು ಮಾಡುವ ಅಥವಾ ಬದಲಿಸುವ ಅವಕಾಶವನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮ ಕೊಡುತ್ತದೆ. ಬದಲಿಸಿದರೆ ದರದ ವ್ಯತ್ಯಾಸ ಮಾತ್ರ ಕಟ್ಟಬೇಕು.

ಎಷ್ಟು ಹಿಮವಿದ್ದರೆ ಹೋಗುವುದು ಸಾರ್ಥಕ?

ನೀವು ಮೊದಲ ಸಲ ಕಲಿಯುವವರೋ, ಸ್ಕೀ ಬಲ್ಲವರೋ ಎಂಬುದರ ಮೇಲೆ ಉತ್ತರ ಪೂರ್ತಿ ಬೇರೆ.

ಕಲಿಯುವವರಿಗೆ ಬೇಕಾದದ್ದು ಕೆಳಗಿನ ಮೈದಾನದಲ್ಲಿ, ಅಂದರೆ ಸುಮಾರು 2,650 ಮೀಟರ್ ಎತ್ತರದ ಗುಲ್ಮಾರ್ಗ್ ಊರಿನಲ್ಲೇ, ಹಿಮ. ತುಳಿದು ಗಟ್ಟಿಯಾದ ಮೇಲೂ ಒಂದು ಅಡಿಯಷ್ಟು ಉಳಿದಿದ್ದರೆ ಸಾಕು, ಏಕೆಂದರೆ ಅಡಿಯಲ್ಲಿರುವುದು ಹುಲ್ಲುಗಾವಲು, ಬಂಡೆಗಳಲ್ಲ. ಫೋಟೋ ನೋಡುವಾಗ ಬೆಟ್ಟದ ತುದಿ ನೋಡಬೇಡಿ. ಜನ ನಡೆದಾಡಿದ ಜಾಗ, ಸ್ಕೀ ಕಲಿಸುವ ಇಳಿಜಾರಿನ ಬುಡ, ಎಳೆಲಿಫ್ಟ್ ಓಡುವ ಗೆರೆ ನೋಡಿ. ಅಲ್ಲಿ ಹುಲ್ಲಿನ ತುದಿ ಇಣುಕುತ್ತಿದ್ದರೆ, ಹಿಮ ಕಂದು ಬಣ್ಣಕ್ಕೆ ತಿರುಗಿದ್ದರೆ, ಕಲಿಯುವ ಜಾಗ ಸಿದ್ಧವಿಲ್ಲ ಎಂದೇ ಅರ್ಥ. ಮೇಲೆ ಬೆಟ್ಟ ಎಷ್ಟೇ ಬೆಳ್ಳಗಿದ್ದರೂ ಹೊಸಬರಿಗೆ ಅದರಿಂದ ಪ್ರಯೋಜನವಿಲ್ಲ.

ಬಲ್ಲವರಿಗೆ ಬೇಕಾದದ್ದು ಗೊಂಡೋಲಾದ, ಅಂದರೆ ಬೆಟ್ಟ ಹತ್ತಿಸುವ ಕೇಬಲ್ ಕಾರಿನ, ಎರಡನೇ ಹಂತ. ಮೊದಲ ಹಂತ ಗುಲ್ಮಾರ್ಗ್‌ನಿಂದ ಕೊಂಗ್ಡೂರಿಗೆ, ಸುಮಾರು 3,100 ಮೀಟರಿಗೆ. ಎರಡನೆಯದು ಅಲ್ಲಿಂದ ಅಫರ್ವಟ್ ಬೆಟ್ಟದ ಭುಜಕ್ಕೆ, ಹತ್ತಿರ ಹತ್ತಿರ 3,950 ಮೀಟರಿಗೆ. ಮೇಲಿನ ಇಳಿಜಾರಿನಲ್ಲಿ ಬಂಡೆಗಳಿವೆ. ಒಂದು ಮೀಟರಿಗಿಂತ ಕಡಿಮೆ ಹಿಮವಿದ್ದಾಗ ಸ್ಕೀಯ ತಳ ಬಂಡೆಗೆ ತಗುಲಿ ಸೀಳುತ್ತದೆ, ಬಿದ್ದರೆ ಮೂಳೆಯೂ ಮುರಿಯುತ್ತದೆ. ಎರಡನೇ ಹಂತವೇ ಮುಚ್ಚಿದ್ದರೆ ಬಲ್ಲವರ ಪ್ರವಾಸ ಅರ್ಧಕ್ಕಿಳಿದಂತೆ. ಕಲಿಯುವವರಿಗೆ ಅದು ಮುಚ್ಚಿದರೂ ಒಂದೇ, ತೆರೆದರೂ ಒಂದೇ.

ಹೋಟೆಲಿನವರನ್ನು ‘ಸ್ನೋ ಇದೆಯಾ?’ ಎಂದು ಕೇಳಬೇಡಿ. ‘ಇದೆ ಸಾರ್, ಬನ್ನಿ’ ಎಂಬ ಉತ್ತರ ಗ್ಯಾರಂಟಿ. ‘ಇವತ್ತು ಬೆಳಗ್ಗೆ ಕಲಿಯುವವರ ಇಳಿಜಾರಿನಲ್ಲಿ ಕ್ಲಾಸ್ ನಡೆಯಿತಾ? ಎರಡು ನಿಮಿಷದ ವಿಡಿಯೋ ಕಳಿಸಿ’ ಎಂದು ಕೇಳಿ. ಇದೇ ಪ್ರಶ್ನೆಯನ್ನು ಸ್ಕೀ ಬಾಡಿಗೆ ಅಂಗಡಿಯವರಿಗೋ ತರಬೇತುದಾರರಿಗೋ ಕೇಳಿದರೆ ಇನ್ನೂ ಒಳ್ಳೆಯದು.

ಮುನ್ಸೂಚನೆಯನ್ನು ಹೇಗೆ ಓದಬೇಕು?

ಹವಾಮಾನ ಇಲಾಖೆಯ ಶ್ರೀನಗರ ಕೇಂದ್ರದ ಮುನ್ಸೂಚನೆಯನ್ನು ಮೊದಲು ನೋಡಿ, ಸ್ಕೀ ಹವಾಮಾನದ ಆ್ಯಪ್‌ಗಳನ್ನು ಆಮೇಲೆ. ಮೂರರಿಂದ ಐದು ದಿನದ ಮಾತು ನಂಬಬಹುದು. ಏಳು ದಿನ ದಾಟಿದರೆ ಒಲವು ಮಾತ್ರ. ಹದಿನಾಲ್ಕನೇ ದಿನ ‘42 ಸೆಂಟಿಮೀಟರ್’ ಎಂದು ತೋರಿಸುವ ಆ್ಯಪ್ ಅಂಕಿ ಕೊಟ್ಟಿದೆ, ಮಾಹಿತಿ ಕೊಟ್ಟಿಲ್ಲ. ಆ್ಯಪ್‌ನಲ್ಲಿ ಯಾವ ಎತ್ತರದ ಮುನ್ಸೂಚನೆ ತೆರೆದಿದ್ದೀರಿ ಎಂಬುದನ್ನೂ ನೋಡಿಕೊಳ್ಳಿ. ತುದಿ ಮತ್ತು ಬುಡದ ನಡುವೆ ಸಾವಿರ ಮೀಟರಿಗೂ ಹೆಚ್ಚು ವ್ಯತ್ಯಾಸವಿದೆ. ಮೇಲೆ ಹಿಮ ಬೀಳುವಾಗ ಕೆಳಗೆ ಮಳೆಯಾಗಬಹುದು, ಡಿಸೆಂಬರ್ ಮೊದಲ ಭಾಗ ಮತ್ತು ಮಾರ್ಚ್‌ನಲ್ಲಂತೂ ವಿಶೇಷವಾಗಿ.

ನಾವು ಹೋಗುವ ದಿನವೇ ಭಾರಿ ಹಿಮಪಾತವಂತೆ. ಅದೃಷ್ಟ ಅಲ್ಲವೇ?

ಅಲ್ಲ. ಭಾರಿ ಹಿಮ ಬೀಳುವ ದಿನ ಸ್ಕೀ ಮಾಡಲು ಆಗುವುದೇ ಕಡಿಮೆ. ಶ್ರೀನಗರ ವಿಮಾನ ನಿಲ್ದಾಣದಲ್ಲಿ ಗೋಚರತೆ ಕುಸಿದು, ರನ್‌ವೇಯಲ್ಲಿ ಹಿಮ ಕೂತು, ವಿಮಾನಗಳು ಸಾಲಾಗಿ ರದ್ದಾಗುತ್ತವೆ. ಟಂಗ್‌ಮಾರ್ಗ್‌ನಿಂದ ಗುಲ್ಮಾರ್ಗ್‌ವರೆಗಿನ 13 ಕಿಲೋಮೀಟರ್ ಘಾಟಿಯಲ್ಲಿ ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿ ಅಥವಾ ಟೈರಿಗೆ ಚೈನ್ ಕಟ್ಟಿದ ಗಾಡಿ ಮಾತ್ರ ಬಿಡುತ್ತಾರೆ. ಗಾಳಿ ಜೋರಾದರೆ ಗೊಂಡೋಲಾ ನಿಲ್ಲುತ್ತದೆ. ಹಿಮ ನಿಂತ ಮೇಲೂ ಹಿಮಕುಸಿತದ ಅಪಾಯ ತಗ್ಗಿಸುವವರೆಗೆ ಎರಡನೇ ಹಂತವನ್ನು ಒಂದೆರಡು ದಿನ ತೆರೆಯದೆ ಇರುವುದುಂಟು.

ಬಯಸಬೇಕಾದದ್ದು ನೀವು ತಲುಪುವುದಕ್ಕೆ ಎರಡು–ಮೂರು ದಿನ ಮುಂಚೆ ಬಿದ್ದು ನಿಂತ ಹಿಮವನ್ನು. ತಲುಪುವ ದಿನಕ್ಕೇ ಕೆಂಪು ಅಥವಾ ಕಿತ್ತಳೆ ಎಚ್ಚರಿಕೆ ಇದ್ದರೆ, ಇಡೀ ಪ್ರವಾಸ ರದ್ದು ಮಾಡುವ ಬದಲು ಎರಡು ದಿನ ಮುಂದಕ್ಕೆ ತಳ್ಳುವುದು ಬಹುತೇಕ ಸಲ ಸರಿಯಾದ ಹೆಜ್ಜೆ.

ಹಿಮಕುಸಿತದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2023ರ ಫೆಬ್ರವರಿ 1ರಂದು ಅಫರ್ವಟ್‌ನಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಸತ್ತರು. 2024ರ ಫೆಬ್ರವರಿ 22ರಂದು ರಷ್ಯಾದ ಒಬ್ಬರು. ಗುರುತು ಮಾಡಿದ ಇಳಿಜಾರು ಬಿಟ್ಟು ಹೊರಗೆ ಹೋಗುವುದೇ ನಿಮ್ಮ ಪ್ರವಾಸದ ಉದ್ದೇಶವಾಗಿದ್ದು, ಆ ದಿನಗಳ ಹಿಮಕುಸಿತ ಎಚ್ಚರಿಕೆ ಎತ್ತರದಲ್ಲಿದ್ದರೆ, ದುಡ್ಡಿನ ಲೆಕ್ಕವನ್ನೇ ಹಾಕದೆ ತಾರೀಖು ಬದಲಿಸಿ.

ದುಡ್ಡಿನ ಲೆಕ್ಕ ಹಾಕುವುದು ಹೇಗೆ? ಈಗಾಗಲೇ ಅಷ್ಟೊಂದು ಕಟ್ಟಿಬಿಟ್ಟಿದ್ದೇವಲ್ಲ.

‘ಕಟ್ಟಿಬಿಟ್ಟಿದ್ದೇವಲ್ಲ’ ಎಂಬ ಮಾತೇ ಲೆಕ್ಕ ತಪ್ಪಿಸುವುದು. ಹೋದರೂ ಹೋಗದಿದ್ದರೂ ವಾಪಸ್ ಬರದ ಹಣ ಎರಡೂ ದಾರಿಯಲ್ಲಿ ಒಂದೇ. ಅದನ್ನು ಪಕ್ಕಕ್ಕಿಟ್ಟು, ಇವತ್ತಿನಿಂದ ಮುಂದೆ ಕೈಬಿಡುವ ಹಣವನ್ನಷ್ಟೇ ಹೋಲಿಸಿ. ಇಬ್ಬರ ಪ್ರವಾಸದ ಒಂದು ಉದಾಹರಣೆ (ಮೊತ್ತಗಳು ಲೆಕ್ಕ ತೋರಿಸಲಿಕ್ಕಷ್ಟೇ, ನಿಮ್ಮ ಅಂಕಿಗಳನ್ನು ಹಾಕಿಕೊಳ್ಳಿ):

ಹೋಗಿಬರುವ ವಿಮಾನ ಟಿಕೆಟ್ ಇಬ್ಬರಿಗೂ ಸೇರಿ 32,000 ರೂಪಾಯಿ. ಹೋಟೆಲ್ ನಾಲ್ಕು ರಾತ್ರಿಗೆ 36,000, ಅದರಲ್ಲಿ ಅರ್ಧ, ಅಂದರೆ 18,000 ಕಟ್ಟಿಯಾಗಿದೆ. ಈಗ ರದ್ದು ಮಾಡಿದರೆ ಅದು ವಾಪಸ್ ಇಲ್ಲ, ತಾರೀಖು ಬದಲಿಸಿಕೊಡುತ್ತಾರೆ. ಟ್ಯಾಕ್ಸಿಗೆ 2,000 ಅಡ್ವಾನ್ಸ್, ಅದೂ ಹಾಗೆಯೇ. ವಿಮಾನದ ಕ್ಯಾನ್ಸಲೇಶನ್ ಶುಲ್ಕ ಒಬ್ಬರಿಗೆ ಒಂದು ದಿಕ್ಕಿಗೆ 3,500 ಎಂದಿಟ್ಟುಕೊಳ್ಳಿ, ತಾರೀಖು ಬದಲಿಸುವ ಶುಲ್ಕ 3,000.

ಪೂರ್ತಿ ಕ್ಯಾನ್ಸಲ್: ಟಿಕೆಟ್‌ನಲ್ಲಿ 14,000 ಹೋಗಿ 18,000 ವಾಪಸ್. ಹೋಟೆಲ್, ಟ್ಯಾಕ್ಸಿಯ 20,000 ಹೋಯಿತು. ಒಟ್ಟು ನಷ್ಟ 34,000.

ಹೋಗುವುದು: ಹೋಟೆಲಿನ ಬಾಕಿ 18,000, ಟ್ಯಾಕ್ಸಿ ಬಾಕಿ 6,000, ಊಟ ತಿಂಡಿ 8,000, ಸ್ಕೀ ಬಾಡಿಗೆ, ತರಬೇತಿ, ಗೊಂಡೋಲಾ ಸೇರಿ 22,000. ಮೇಲೆ, ಕ್ಯಾನ್ಸಲ್ ಮಾಡಿದ್ದರೆ ವಾಪಸ್ ಬರುತ್ತಿದ್ದ 18,000 ಕೂಡ ಬಿಟ್ಟುಕೊಟ್ಟಂತೆ. ಒಟ್ಟು 72,000. ಹಿಮವಿಲ್ಲದೆ ಸ್ಕೀ ಆಗದಿದ್ದರೆ 22,000 ಉಳಿದು 50,000. ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಸ್ಕೀ ಇಲ್ಲದ ಕಾಶ್ಮೀರ ಪ್ರವಾಸಕ್ಕೆ ಇವತ್ತು ಹೊಸದಾಗಿ 50,000 ರೂಪಾಯಿ ಕೊಡುತ್ತೀರಾ? ದಾಲ್ ಸರೋವರ, ಶ್ರೀನಗರದ ಹಳೇ ಪೇಟೆ ಸಾಕು ಎನ್ನುವವರು ಹೋಗಲಿ. ಸ್ಕೀಗಾಗಿಯೇ ರಜೆ ಹಾಕಿದವರು ಬಿಡಲಿ.

ತಾರೀಖು ಬದಲಿಸುವುದು: ಟಿಕೆಟ್ ಶುಲ್ಕ 12,000 ಮತ್ತು ಹೊಸ ದಿನದ ದರ ಹೆಚ್ಚಿದ್ದರೆ ಆ ವ್ಯತ್ಯಾಸ. ಹೋಟೆಲ್, ಟ್ಯಾಕ್ಸಿಯ 20,000 ಉಳಿಯಿತು.

ಇಲ್ಲೊಂದು ಸೂಕ್ಷ್ಮವಿದೆ. ಟಿಕೆಟನ್ನಷ್ಟೇ ನೋಡಿದರೆ ರದ್ದತಿಗೂ ಬದಲಾವಣೆಗೂ ಇರುವ ಅಂತರ ಬರೀ 2,000. ಲಾಭ ಇರುವುದೆಲ್ಲ ಹೋಟೆಲ್ ಕಡೆ. ಹೊಸ ತಾರೀಖು ಗಟ್ಟಿಯಿಲ್ಲದಿದ್ದರೆ ಟಿಕೆಟ್ ಕ್ಯಾನ್ಸಲ್ ಮಾಡಿ ಹಣ ತೆಗೆದುಕೊಳ್ಳಿ, ಹೋಟೆಲ್ ಮತ್ತು ಟ್ಯಾಕ್ಸಿಯನ್ನು ಮುಂದೂಡಿಸಿ. ಹೆಚ್ಚಿನವರು ಎಲ್ಲವನ್ನೂ ಒಟ್ಟಿಗೆ ರದ್ದು ಮಾಡುತ್ತಾರೆ, ಇಲ್ಲವೇ ಎಲ್ಲವನ್ನೂ ಒಟ್ಟಿಗೆ ಮುಂದೂಡುತ್ತಾರೆ. ಈ ನಡುವಿನ ದಾರಿ ನೆನಪಾಗುವುದೇ ಇಲ್ಲ. ಟಿಕೆಟನ್ನು ಎರಡು ಸಲ ಮುಂದೂಡಿದರೆ ಶುಲ್ಕವೂ ಎರಡು ಸಲ. ಹೊಸ ದಿನದ ದರ ಕಡಿಮೆಯಿದ್ದರೆ ಆ ವ್ಯತ್ಯಾಸವನ್ನು ಬಹಳಷ್ಟು ಏರ್‌ಲೈನ್‌ಗಳು ವಾಪಸ್ ಕೊಡುವುದಿಲ್ಲ. ಆಗಲೂ ರದ್ದು ಮಾಡಿ ಹೊಸದಾಗಿ ಕೊಳ್ಳುವುದೇ ಅಗ್ಗವಾಗಬಹುದು.

ವಿಮಾನ ರದ್ದಾಗುವ ಸೂಚನೆ ಇದೆ. ನಾವೇ ಮೊದಲು ಕ್ಯಾನ್ಸಲ್ ಮಾಡಬೇಕಾ?

ದಯವಿಟ್ಟು ಬೇಡ. ನೀವು ರದ್ದು ಮಾಡಿದರೆ ಶುಲ್ಕ ನಿಮ್ಮದು. ಏರ್‌ಲೈನ್ ರದ್ದು ಮಾಡಿದರೆ ಬದಲಿ ವಿಮಾನ ಅಥವಾ ಪೂರ್ತಿ ರೀಫಂಡ್, ಆಯ್ಕೆ ನಿಮ್ಮದು. ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾಗುತ್ತದೆ ಎಂದಾದರೂ ಡಿಜಿಸಿಎ ನಿಯಮದಂತೆ ಇದೇ ಆಯ್ಕೆ ಸಿಗಬೇಕು. ಹಿಮ, ಮಂಜಿನಂಥ ಕಾರಣಕ್ಕೆ ರದ್ದಾದಾಗ 5,000ದಿಂದ 10,000 ರೂಪಾಯಿವರೆಗಿನ ಪರಿಹಾರ ಅನ್ವಯಿಸುವುದಿಲ್ಲ. ಆದರೆ ಟಿಕೆಟ್ ಹಣದ ಮೇಲಿನ ನಿಮ್ಮ ಹಕ್ಕು ಹೋಗುವುದಿಲ್ಲ.

ಏರ್‌ಲೈನ್ ವಿಮಾನದ ಸಮಯವನ್ನೇ ಗಂಟೆಗಟ್ಟಲೆ ಹಿಂದೆ ಮುಂದೆ ಮಾಡಿ ಮೆಸೇಜ್ ಕಳಿಸಿದ್ದರೆ ಅದನ್ನು ಅಳಿಸಬೇಡಿ. ಬಹುತೇಕ ಏರ್‌ಲೈನ್‌ಗಳಲ್ಲಿ ಅಂಥ ಬದಲಾವಣೆಗೆ ಉಚಿತ ತಾರೀಖು ಬದಲಾವಣೆ ಅಥವಾ ಪೂರ್ತಿ ರೀಫಂಡ್ ಸಿಗುತ್ತದೆ. ಹೇಗಾದರೂ ಬಿಡಬೇಕು ಎಂದುಕೊಂಡವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೊಂದಿಲ್ಲ.

ಎಚ್ಚರಿಕೆ: ಏರ್‌ಲೈನ್ ರದ್ದು ಮಾಡಲಿ ಎಂದು ಕಾಯುತ್ತ, ವಿಮಾನ ಹೊರಟೇಬಿಟ್ಟರೆ ನೀವು ‘ನೋ ಶೋ’. ಕೈಗೆ ಬರುವುದು ತೆರಿಗೆ ಮತ್ತು ವಿಮಾನ ನಿಲ್ದಾಣ ಶುಲ್ಕ ಮಾತ್ರ. ರದ್ದತಿಯ ಕೊನೆಯ ಸಮಯ ಹೊರಡುವುದಕ್ಕೆ ಕೆಲವೇ ಗಂಟೆ ಮುಂಚೆ ಇರುತ್ತದೆ. ಅದನ್ನು ಟಿಕೆಟ್‌ನಲ್ಲಿ ನೋಡಿ ಅಲಾರಂ ಇಡಿ. ಹೋಗುವ ವಿಮಾನ ತಪ್ಪಿಸಿಕೊಂಡರೆ ಅದೇ ಪಿಎನ್‌ಆರ್‌ನ ವಾಪಸ್ ಟಿಕೆಟ್ ತಾನಾಗಿ ರದ್ದಾಗುವುದೂ ಇದೆ.

ಬೆಂಗಳೂರು–ದೆಹಲಿ ಒಂದು ಟಿಕೆಟ್, ದೆಹಲಿ–ಶ್ರೀನಗರ ಇನ್ನೊಂದು. ತೊಂದರೆಯೇ?

ಹೌದು. ಪಿಎನ್‌ಆರ್ ಬೇರೆ ಬೇರೆ ಇದ್ದರೆ ಏರ್‌ಲೈನಿನ ದೃಷ್ಟಿಯಲ್ಲಿ ಅವು ಸಂಬಂಧವೇ ಇಲ್ಲದ ಎರಡು ಪ್ರಯಾಣಗಳು. ಡಿಸೆಂಬರ್ ಕೊನೆ, ಜನವರಿಯಲ್ಲಿ ದೆಹಲಿಯ ಬೆಳಗಿನ ಮಂಜಿಗೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ಶ್ರೀನಗರದ ವಿಮಾನ ರದ್ದಾದರೆ ಅದರ ಹಣ ಬರುತ್ತದೆ, ಬೆಂಗಳೂರು–ದೆಹಲಿಯದು ಬರುವುದಿಲ್ಲ. ತಾರೀಖು ಬದಲಿಸುವಾಗಲಾದರೂ ನೇರ ವಿಮಾನ ಅಥವಾ ಒಂದೇ ಪಿಎನ್‌ಆರ್‌ನ ಟಿಕೆಟ್‌ಗೆ ಬನ್ನಿ. ಸಾಧ್ಯವಿಲ್ಲದಿದ್ದರೆ ದೆಹಲಿಯಲ್ಲಿ ಕನಿಷ್ಠ ಐದಾರು ಗಂಟೆ ಅಂತರ ಇಟ್ಟು, ಶ್ರೀನಗರಕ್ಕೆ ಮಧ್ಯಾಹ್ನದ ವಿಮಾನ ಹಿಡಿಯಿರಿ.

ಟ್ರಾವೆಲ್ ಆ್ಯಪ್‌ನಲ್ಲಿ ಬುಕ್ ಮಾಡಿದ್ದು. ಏನು ವ್ಯತ್ಯಾಸ?

ಏರ್‌ಲೈನ್ ಶುಲ್ಕದ ಮೇಲೆ ಆ್ಯಪ್‌ನವರ ಸೇವಾ ಶುಲ್ಕವೂ ಸೇರುತ್ತದೆ, ಕನ್ವೀನಿಯನ್ಸ್ ಫೀ ವಾಪಸ್ ಬರುವುದಿಲ್ಲ. ‘ಕ್ಯಾನ್ಸಲ್’ ಒತ್ತುವ ಮೊದಲು ರೀಫಂಡ್ ವಿವರದ ಪರದೆ ಬರುತ್ತದೆ. ಅಲ್ಲಿ ನಾಲ್ಕು ಸಾಲು ಓದಿ: ಏರ್‌ಲೈನ್ ಶುಲ್ಕ, ಆ್ಯಪ್ ಶುಲ್ಕ, ಕೂಪನ್ ರಿಯಾಯಿತಿಯ ಕಡಿತ, ಹಣ ಬರುವ ಜಾಗ. ಕೊನೆಯದು ಮುಖ್ಯ. ವಾಲೆಟ್ ಎಂದು ಮೊದಲೇ ಟಿಕ್ ಆಗಿರಬಹುದು, ಅದನ್ನು ಬ್ಯಾಂಕ್ ಖಾತೆಗೆ ಬದಲಿಸಿ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನೋ ಕಾಸ್ಟ್ ಇಎಂಐನಲ್ಲಿ ಕೊಂಡಿದ್ದರೆ ಬ್ಯಾಂಕ್ ಹಾಕಿದ ಬಡ್ಡಿ, ಪ್ರೊಸೆಸಿಂಗ್ ಶುಲ್ಕ ಮತ್ತು ಅದರ ಮೇಲಿನ ಜಿಎಸ್‌ಟಿ ಸಾಮಾನ್ಯವಾಗಿ ಹೋದ ಹಾಗೆಯೇ.

ಕ್ಯಾನ್ಸಲೇಶನ್ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತವನ್ನು ಮೀರುವಂತಿಲ್ಲ. ‘ನಾನ್ ರೀಫಂಡಬಲ್’ ಟಿಕೆಟ್ ಆದರೂ ಸರ್ಕಾರಿ ತೆರಿಗೆ, ಬಳಕೆದಾರ ಶುಲ್ಕಗಳು ವಾಪಸ್ ಬರಲೇಬೇಕು. ‘ಸೊನ್ನೆ ರೀಫಂಡ್’ ಎಂದು ತೋರಿಸಿದರೆ ಸುಮ್ಮನಾಗಬೇಡಿ.

ಹೋಟೆಲಿನವರ ಹತ್ತಿರ ಹೇಗೆ ಮಾತಾಡಬೇಕು?

‘ರೀಫಂಡ್ ಕೊಡಿ’ ಎಂದು ಶುರು ಮಾಡಿದರೆ ಮಾತು ಅಲ್ಲೇ ಮುಗಿಯುತ್ತದೆ. ‘ಅದೇ ಹಣಕ್ಕೆ ಬೇರೆ ತಾರೀಖು ಕೊಡಿ’ ಎಂದರೆ ಬಹಳಷ್ಟು ಹೋಟೆಲಿನವರು ಒಪ್ಪುತ್ತಾರೆ. ಹಿಮವಿಲ್ಲದ ವಾರದಲ್ಲಿ ಅವರ ರೂಮೂ ಖಾಲಿ ಬಿದ್ದಿರುತ್ತದೆ, ಕಟ್ಟಿದ ಹಣ ಅವರಲ್ಲೇ ಉಳಿಯುತ್ತದೆ. ಹೊಸ ವರ್ಷದ ವಾರದ ಬುಕಿಂಗ್‌ಗೆ ಮಾತ್ರ ಈ ಮಾತು ನಡೆಯುವುದಿಲ್ಲ.

ಫೋನಿನಲ್ಲಿ ಒಪ್ಪಿದ್ದನ್ನು ಇಮೇಲ್ ಅಥವಾ ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಬರಹದಲ್ಲಿ ಇಷ್ಟಿರಲಿ: ಬುಕಿಂಗ್ ಸಂಖ್ಯೆ, ಕಟ್ಟಿದ ಮೊತ್ತ, ಹೊಸ ತಾರೀಖು ಅಥವಾ ‘ಇಂಥ ದಿನದೊಳಗೆ ಬಳಸಬಹುದು’ ಎಂಬ ಕೊನೆಯ ದಿನ, ದರ ಅದೇನಾ ಅಥವಾ ಆ ದಿನದ ದರವಾ, ರೂಮಿನ ದರ್ಜೆ, ಹೀಟರ್ ಖರ್ಚು ಸೇರಿದೆಯಾ. ದರದ ಸಾಲು ಬಿಟ್ಟುಹೋದರೆ ಜಗಳ ಅಲ್ಲೇ ಹುಟ್ಟುತ್ತದೆ. ಜನವರಿಯ 9,000 ರೂಪಾಯಿ ರೂಮಿಗೆ ಫೆಬ್ರವರಿಯಲ್ಲಿ 14,000 ಎನ್ನುತ್ತಾರೆ. ಆ್ಯಪ್ ಮೂಲಕ ಬುಕ್ ಮಾಡಿದ್ದರೆ ಹೋಟೆಲಿನವರ ಒಪ್ಪಿಗೆ ಮೊದಲು ಪಡೆದು, ಅದನ್ನು ಆ್ಯಪ್‌ನವರಿಗೆ ಕಳಿಸಿ ಆಮೇಲೆ ಬದಲಿಸಿ. ನೀವೇ ಮೊದಲು ಕ್ಯಾನ್ಸಲ್ ಒತ್ತಿದರೆ ಆ ಬುಕಿಂಗ್ ಸತ್ತಂತೆ, ಮತ್ತೆ ಜೀವ ಬರುವುದಿಲ್ಲ.

ಗೊಂಡೋಲಾ ಟಿಕೆಟ್ ಮೊದಲೇ ಮಾಡಿಸಬೇಕಾ?

ಜಮ್ಮು ಕಾಶ್ಮೀರ ಕೇಬಲ್ ಕಾರ್ ಕಾರ್ಪೊರೇಷನ್‌ನ ವೆಬ್‌ಸೈಟಿನಲ್ಲಿ ದಿನ ಮತ್ತು ಸಮಯಕ್ಕೆ ಕಟ್ಟಿದ ಟಿಕೆಟ್ ಅದು. ಸೀಸನ್‌ನಲ್ಲಿ ಬೇಗ ಖಾಲಿಯಾಗುತ್ತದೆ ಎಂಬ ಭಯಕ್ಕೆ ಜನ ತಾರೀಖು ಗಟ್ಟಿಯಾಗುವ ಮೊದಲೇ ಕೊಂಡುಬಿಡುತ್ತಾರೆ. ಕೊಳ್ಳುವಾಗ ರದ್ದತಿಯ ಶರತ್ತು ಓದಿ. ಬೆಟ್ಟ ಮುಚ್ಚಿದಾಗಿನ ರೀಫಂಡ್ ಬೇರೆ, ನೀವು ಮನಸ್ಸು ಬದಲಿಸಿದಾಗಿನದು ಬೇರೆ. ಕಲಿಯುವವರಿಗೆ ಮೊದಲೆರಡು ದಿನ ಗೊಂಡೋಲಾ ಬೇಕಾಗುವುದೇ ಇಲ್ಲ.

ಟ್ರಾವೆಲ್ ಇನ್ಶೂರೆನ್ಸ್ ಇದೆ. ಹಿಮ ಬೀಳದಿದ್ದರೆ ಕ್ಲೇಮ್ ಆಗುತ್ತದಾ?

ಸಾಮಾನ್ಯ ಪಾಲಿಸಿಯಲ್ಲಿ ಇಲ್ಲ. ಪ್ರವಾಸ ರದ್ದತಿಗೆ ಪಾಲಿಸಿಯಲ್ಲಿ ಹೆಸರಿಸಿದ ಕಾರಣಗಳು ಮಾತ್ರ ನಡೆಯುತ್ತವೆ: ಪ್ರಯಾಣಿಕರ ಗಂಭೀರ ಕಾಯಿಲೆ, ಆಸ್ಪತ್ರೆ ವಾಸ, ಹತ್ತಿರದ ಬಂಧುವಿನ ಸಾವು, ಇಂಥವು. ‘ಹಿಮವಿಲ್ಲ’, ‘ಭಯವಾಯಿತು’, ‘ರಜೆ ಸಿಗಲಿಲ್ಲ’ ಇವು ಅದರಲ್ಲಿ ಬರುವುದಿಲ್ಲ. ಸುದ್ದಿಯಲ್ಲಿ ಬಂದುಹೋದ ಘಟನೆಯ ನಂತರ ಕೊಂಡ ಪಾಲಿಸಿ ಆ ಘಟನೆಗೆ ಅನ್ವಯಿಸುವುದಿಲ್ಲ.

ಇನ್ನೊಂದು ಕಡೆ ಜನ ಸಿಕ್ಕಿಬೀಳುತ್ತಾರೆ. ಬಹಳಷ್ಟು ಪಾಲಿಸಿಗಳು ಸ್ಕೀಯಿಂಗನ್ನು ಸಾಹಸ ಕ್ರೀಡೆ ಎಂದು ಹೊರಗಿಡುತ್ತವೆ. ಹೆಚ್ಚುವರಿ ಕವರ್ ಕೊಂಡಿದ್ದರೂ ಗುರುತು ಮಾಡಿದ ಇಳಿಜಾರಿನ ಹೊರಗೆ ಆದ ಗಾಯಕ್ಕೆ ಹಣ ಸಿಗದಿರಬಹುದು. ಕಾಯಿಲೆಯ ಕಾರಣಕ್ಕೆ ಕ್ಲೇಮ್ ಮಾಡುವುದಾದರೆ ವೈದ್ಯರು ‘ಈ ತಾರೀಖುಗಳಲ್ಲಿ ಪ್ರಯಾಣ ಮಾಡಬಾರದು’ ಎಂದು ರದ್ದು ಮಾಡುವ ಮೊದಲೇ ಬರೆದುಕೊಟ್ಟ ಪತ್ರ ಬೇಕು. ರದ್ದು ಮಾಡಿ ವಾರದ ಮೇಲೆ ತಂದ ಸರ್ಟಿಫಿಕೇಟ್‌ಗೆ ಬೆಲೆ ಕಡಿಮೆ. ಏರ್‌ಲೈನ್, ಹೋಟೆಲ್ ಕೊಟ್ಟ ರದ್ದತಿ ಬಿಲ್, ವಾಪಸ್ ಬಾರದ ಮೊತ್ತದ ದಾಖಲೆ ಜೊತೆಗಿಡಿ.

ಭದ್ರತೆಯ ಸುದ್ದಿ ಬಂದ ಕೂಡಲೇ ಏನು ಮಾಡಬೇಕು?

ಮೊದಲ ಸಂಜೆಯೇ ಶುಲ್ಕ ಕಟ್ಟಿ ಕ್ಯಾನ್ಸಲ್ ಮಾಡಬೇಡಿ. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ನಂತರ ಏರ್‌ಲೈನ್‌ಗಳು ಶ್ರೀನಗರದ ಟಿಕೆಟ್‌ಗಳಿಗೆ ಬದಲಾವಣೆ, ರದ್ದತಿ ಶುಲ್ಕ ಮನ್ನಾ ಮಾಡಿದವು. ಅದೇ ಮೇ ತಿಂಗಳಲ್ಲಿ ಶ್ರೀನಗರ ಸೇರಿ 32 ವಿಮಾನ ನಿಲ್ದಾಣಗಳು ಕೆಲವು ದಿನ ಮುಚ್ಚಿದಾಗಲೂ ಹಾಗೆಯೇ. ಪ್ರಯಾಣ ನಾಳೆಯೇ ಇಲ್ಲವಾದರೆ ಒಂದೆರಡು ದಿನ ಏರ್‌ಲೈನಿನ ಪ್ರಕಟಣೆ ನೋಡಿ. ಮನ್ನಾ ಇಂಥ ತಾರೀಖಿನೊಳಗೆ ಕೊಂಡ, ಇಂಥ ತಾರೀಖಿನೊಳಗೆ ಹೊರಡುವ ಟಿಕೆಟ್‌ಗಳಿಗೆ ಮಾತ್ರ ಇರುತ್ತದೆ. ನಿಮ್ಮದು ಒಂದು ದಿನದಲ್ಲಿ ಹೊರಗುಳಿದಿದ್ದರೆ ಕಾಲ್ ಸೆಂಟರ್‌ಗೆ ಫೋನ್ ಮಾಡಿ ಕೇಳುವುದರಲ್ಲಿ ತಪ್ಪಿಲ್ಲ.

ಪಹಲ್ಗಾಮ್ ಘಟನೆಯ ನಂತರ ಕಾಶ್ಮೀರದ 87 ಪ್ರವಾಸಿ ತಾಣಗಳಲ್ಲಿ 48ನ್ನು ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿತ್ತು. ಆದ್ದರಿಂದ ‘ಕಾಶ್ಮೀರ ತೆರೆದಿದೆಯಾ’ ಎನ್ನುವ ಪ್ರಶ್ನೆಗಿಂತ ನಿಮ್ಮ ಪಟ್ಟಿಯ ಒಂದೊಂದು ಜಾಗವೂ ತೆರೆದಿದೆಯಾ ಎಂದು ನೋಡಬೇಕು. ದುಡ್ಡಿನ ಲೆಕ್ಕ ಸರಿಯಿದ್ದರೂ ಮನೆಯಲ್ಲಿ ಹಿರಿಯರು ನಿದ್ದೆಗೆಡುವಂತಿದ್ದರೆ ಮುಂದೂಡುವುದಕ್ಕೆ ಅಷ್ಟೇ ಕಾರಣ ಸಾಕು.

ಆರು ಜನರಲ್ಲಿ ಇಬ್ಬರು ಬರುವುದಿಲ್ಲ ಎನ್ನುತ್ತಿದ್ದಾರೆ.

ಒಂದೇ ಪಿಎನ್‌ಆರ್ ಆಗಿದ್ದರೆ ಮೊದಲು ಏರ್‌ಲೈನಿಗೆ ಹೇಳಿ ಅದನ್ನು ಎರಡಾಗಿ ಒಡೆಸಿ, ಆಮೇಲೆ ಆ ಇಬ್ಬರದನ್ನಷ್ಟೇ ರದ್ದು ಮಾಡಿ. ಆತುರದಲ್ಲಿ ಆರೂ ಟಿಕೆಟ್ ಹೋಗಿಬಿಡುವ ಅಪಾಯ ಇದರಿಂದ ತಪ್ಪುತ್ತದೆ. ಟ್ಯಾಕ್ಸಿ, ರೂಮಿನ ಪಾಲು ಉಳಿದ ನಾಲ್ವರ ಮೇಲೆ ಬೀಳುತ್ತದೆ. ಆ ಮೊತ್ತ ಯಾರದು ಎಂದು ರದ್ದು ಮಾಡುವ ಮೊದಲೇ ಮಾತಾಡಿಕೊಳ್ಳಿ, ಸ್ನೇಹ ಉಳಿಯುತ್ತದೆ.

ಮಂಡಿ ನೋವಿದೆ, ಅಥವಾ ಬಿ.ಪಿ. ಇದೆ. ಹೋಗಬಹುದಾ?

ಅದನ್ನು ನಿಮ್ಮ ವೈದ್ಯರೇ ಹೇಳಬೇಕು. ಅವರಿಗೆ ಎರಡು ವಿಷಯ ತಪ್ಪದೆ ತಿಳಿಸಿ. ಸ್ಕೀ ಕಲಿಯುವವರು ಬ್ರೇಕ್ ಹಾಕಲು ಮಂಡಿಯನ್ನು ಒಳಕ್ಕೆ ತಿರುಗಿಸಿ ಗಂಟೆಗಟ್ಟಲೆ ಒತ್ತಬೇಕು, ಬೀಳುವಾಗ ತಿರುಚುವುದೂ ಮಂಡಿಯೇ. ಇನ್ನೊಂದು, 1,600 ಮೀಟರಿನ ಶ್ರೀನಗರದಿಂದ ಒಂದೇ ದಿನದಲ್ಲಿ ಅಫರ್ವಟ್‌ನ 3,950 ಮೀಟರಿಗೆ ಏರಿದರೆ ತಲೆನೋವು, ವಾಕರಿಕೆ, ಉಸಿರಾಟದ ತೊಂದರೆ ಆಗಬಹುದು. ಜ್ವರ, ಕೆಮ್ಮು ಇರುವಾಗ ‘ಹೋಗುವಷ್ಟರಲ್ಲಿ ಸರಿಯಾಗುತ್ತದೆ’ ಎಂದು ಹೊರಡುವುದು ಚಳಿಯ ಊರಿಗೆ ಸಲ್ಲದು.

ತಾರೀಖು ಬದಲಿಸುವುದಾದರೆ ಯಾವಾಗಕ್ಕೆ?

ಕಾಶ್ಮೀರದವರ ಲೆಕ್ಕದಲ್ಲಿ ಚಿಲ್ಲೈ ಕಲಾನ್, ಅಂದರೆ ಕಡುಚಳಿಯ 40 ದಿನ, ಡಿಸೆಂಬರ್ 21ಕ್ಕೆ ಶುರುವಾಗಿ ಜನವರಿ ಕೊನೆಗೆ ಮುಗಿಯುತ್ತದೆ. ಆಮೇಲೆ 20 ದಿನದ ಚಿಲ್ಲೈ ಖುರ್ದ್, 10 ದಿನದ ಚಿಲ್ಲೈ ಬಚ್ಚಾ. ಹಿಮ ಬೀಳುವುದಷ್ಟೇ ಅಲ್ಲ, ಪದರ ಪದರವಾಗಿ ಕೂರಲು ಸಮಯ ಬೇಕು. ಹಾಗಾಗಿ ಜನವರಿ ಕೊನೆಯ ವಾರದಿಂದ ಫೆಬ್ರವರಿ ಕೊನೆಯವರೆಗಿನ ಅವಧಿಗೆ ಮೊದಲ ಆದ್ಯತೆ. ಕ್ರಿಸ್‌ಮಸ್ ವಾರ ಅತಿ ದುಬಾರಿ, ಹಿಮದ ಖಾತ್ರಿ ಅತಿ ಕಡಿಮೆ. ಮಕ್ಕಳ ರಜೆ ಆಗಲೇ ಬರುವುದರಿಂದ ನಮ್ಮವರ ಬುಕಿಂಗೂ ಆಗಲೇ, ಕ್ಯಾನ್ಸಲೇಶನ್ ಪ್ರಶ್ನೆಗಳೂ ಆಗಲೇ!

ಶಾಲೆಯ ಮಕ್ಕಳಿರುವವರಿಗೆ ಉಳಿಯುವುದು ಗಣರಾಜ್ಯೋತ್ಸವದ ಆಸುಪಾಸು ಮತ್ತು ಶಿವರಾತ್ರಿ. ಜನವರಿ 26ರ ಹೊತ್ತಿಗೆ ಶ್ರೀನಗರದಲ್ಲಿ ತಪಾಸಣೆ ಹೆಚ್ಚು, ಓಡಾಟ ನಿಧಾನ. ಶಿವರಾತ್ರಿ ಫೆಬ್ರವರಿ ಮಧ್ಯದಲ್ಲಿ ಬಂದ ವರ್ಷ ಅದೇ ಒಳ್ಳೆಯ ಆಯ್ಕೆ. ಯುಗಾದಿಗೆ ತಳ್ಳಿದರೆ ಕೆಳಗಿನ ಮೈದಾನದ ಹಿಮ ಬೆಳಗ್ಗೆ ಕಲ್ಲಿನಂತೆ ಗಟ್ಟಿ, ಮಧ್ಯಾಹ್ನಕ್ಕೆ ನೀರುನೀರು. ಕಲಿಯುವವರಿಗೆ ಅದು ಬೇಡ, ಮೇಲಿನ ಬೆಟ್ಟಕ್ಕೆ ಹೋಗಬಲ್ಲವರಿಗೆ ಅಡ್ಡಿಯಿಲ್ಲ. ಚಳಿಗಾಲದ ಕ್ರೀಡಾಕೂಟದ ತಾರೀಖು ಪ್ರಕಟವಾಗಿದ್ದರೆ ಆ ವಾರ ತಪ್ಪಿಸಿ. ರೂಮೂ ಸಿಗುವುದಿಲ್ಲ, ಇಳಿಜಾರೂ ಸಿಗುವುದಿಲ್ಲ.

ಹೊಸ ಯೋಜನೆಯಲ್ಲಿ ಗುಲ್ಮಾರ್ಗ್‌ಗೆ ನಾಲ್ಕು ರಾತ್ರಿ, ಕೊನೆಯಲ್ಲಿ ಶ್ರೀನಗರಕ್ಕೆ ಒಂದು ರಾತ್ರಿ ಇಡಿ. ಗುಲ್ಮಾರ್ಗ್‌ನಿಂದ ವಿಮಾನ ನಿಲ್ದಾಣ ಸುಮಾರು 50 ಕಿಲೋಮೀಟರ್. ಹಿಮ ಬಿದ್ದ ಬೆಳಗ್ಗೆ ಅಲ್ಲಿಂದ ನೇರ ವಿಮಾನ ಹಿಡಿಯುತ್ತೇನೆ ಎಂಬ ಯೋಜನೆಯಷ್ಟು ಸುಲಭವಾಗಿ ಕೆಡುವುದು ಬೇರೆ ಇಲ್ಲ. ಶ್ರೀನಗರದಲ್ಲಿ ನಿಲ್ದಾಣದ ಹೊರಗೇಟಿನಲ್ಲೇ ಗಾಡಿ ನಿಲ್ಲಿಸಿ ಲಗೇಜ್ ತಪಾಸಣೆ ಮಾಡುತ್ತಾರೆ, ಮೂರು ಗಂಟೆ ಮುಂಚೆ ತಲುಪಬೇಕು.

ಗುಲ್ಮಾರ್ಗ್ ಬಿಟ್ಟು ಉತ್ತರಾಖಂಡದ ಔಲಿ ಅಥವಾ ಮನಾಲಿಗೆ ಬದಲಿಸಿದರೆ?

ಹಿಮವಿಲ್ಲ ಎಂಬ ಕಾರಣಕ್ಕಾದರೆ ಹೆಚ್ಚು ಉಪಯೋಗವಿಲ್ಲ. ಮೂರಕ್ಕೂ ಹಿಮ ತರುವುದು ಅದೇ ಪಶ್ಚಿಮದ ವಾಯುಭಾರ ಕುಸಿತಗಳು. ಗುಲ್ಮಾರ್ಗ್ ಒಣಗಿದ ವಾರದಲ್ಲಿ ಔಲಿ ಬೆಳ್ಳಗಿರುವುದು ಅಪರೂಪ. ಔಲಿಗೆ ಜೋಶಿಮಠದಿಂದ ಹೋಗುತ್ತಿದ್ದ ರೋಪ್‌ವೇ 2023ರ ಜನವರಿಯ ಭೂಕುಸಿತದ ನಂತರ ನಿಂತಿತು, ರಸ್ತೆಯಲ್ಲೇ ಹೋಗುವ ಲೆಕ್ಕ ಹಾಕಿಕೊಳ್ಳಿ. ವಿಮಾನ ಅಥವಾ ಭದ್ರತೆಯ ಕಾರಣಕ್ಕೆ ಬದಲಿಸುವುದಾದರೆ ಮನಾಲಿ ಬಳಿಯ ಸೋಲಂಗ್ ಯೋಚಿಸಬಹುದು. ಆದರೆ ಕಾಶ್ಮೀರದ ಹೋಟೆಲ್ ಅಡ್ವಾನ್ಸ್ ಹೋಗುತ್ತದೆ ಎಂಬುದನ್ನು ಮೇಲಿನ ಲೆಕ್ಕಕ್ಕೆ ಸೇರಿಸಿ.

ಈಗಾಗಲೇ ಶ್ರೀನಗರದಲ್ಲಿದ್ದೇವೆ, ವಾಪಸ್ ವಿಮಾನ ರದ್ದಾಯಿತು.

ಬದಲಿ ವಿಮಾನ ಕೇಳಿ, ರೀಫಂಡ್ ಒತ್ತಬೇಡಿ. ರೀಫಂಡ್ ತೆಗೆದುಕೊಂಡ ಕ್ಷಣ ನಿಮ್ಮನ್ನು ಊರಿಗೆ ತಲುಪಿಸುವ ಹೊಣೆಯಿಂದ ಏರ್‌ಲೈನ್ ಬಿಡುಗಡೆ. ಮರುದಿನದ ಟಿಕೆಟ್ ದರ ಆಗ ಗಗನಕ್ಕೇರಿರುತ್ತದೆ. ಎರಡು–ಮೂರು ದಿನ ಸೀಟೇ ಇಲ್ಲವೆಂದರೆ ರೈಲು ನೋಡಿ: 2025ರ ಜೂನ್‌ನಿಂದ ಶ್ರೀನಗರ–ಕಟ್ರಾ ವಂದೇ ಭಾರತ್ ಓಡುತ್ತಿದೆ, ಸುಮಾರು ಮೂರು ಗಂಟೆಯ ದಾರಿ. ಕಟ್ರಾದಿಂದ ದೆಹಲಿಗೆ ರೈಲುಗಳಿವೆ. ಜಮ್ಮು ಹೆದ್ದಾರಿಯಲ್ಲಿ ಟ್ಯಾಕ್ಸಿ ಹಿಡಿಯುವುದು ಕೊನೆಯ ಆಯ್ಕೆ. ವಿಮಾನ ನಿಲ್ಲಿಸಿದ ಹವಾಮಾನವೇ ರಾಂಬನ್ ಕಡೆ ಗುಡ್ಡ ಕುಸಿಯುವಂತೆಯೂ ಮಾಡುತ್ತದೆ.

ಫೋನಿನ ವಿಷಯ ಊರಲ್ಲೇ ನೋಡಿಕೊಳ್ಳಿ. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಬುಕಿಂಗ್‌ನಲ್ಲಿ ಕೊಟ್ಟ ನಂಬರ್ ಪ್ರಿಪೇಯ್ಡ್ ಆಗಿದ್ದರೆ ವಿಮಾನ ರದ್ದಾದ ಮೆಸೇಜೂ ಬರುವುದಿಲ್ಲ, ತಾರೀಖು ಬದಲಿಸಲು ಬೇಕಾದ ಓಟಿಪಿಯೂ ಬರುವುದಿಲ್ಲ. ಗುಂಪಿನಲ್ಲಿ ಪೋಸ್ಟ್‌ಪೇಯ್ಡ್ ಇರುವವರ ನಂಬರನ್ನು ಹೊರಡುವ ಮೊದಲೇ ಬುಕಿಂಗ್‌ಗೆ ಸೇರಿಸಿ.

ರೀಫಂಡ್ ಬರುತ್ತಲೇ ಇಲ್ಲ. ಮುಂದೇನು?

ಕ್ರೆಡಿಟ್ ಕಾರ್ಡ್‌ನಲ್ಲಿ ಏರ್‌ಲೈನಿಗೇ ನೇರ ಕಟ್ಟಿದ್ದರೆ ರದ್ದಾದ ಏಳು ದಿನದೊಳಗೆ ಹಣ ವಾಪಸ್ ಹೋಗಬೇಕು. ಏಜೆಂಟ್ ಅಥವಾ ಆ್ಯಪ್ ಮೂಲಕವಾದರೆ ಕೆಲವು ವಾರ ಹಿಡಿಯಬಹುದು, ಆದರೆ ಹೊಣೆ ಏರ್‌ಲೈನಿನದೇ. ಹಣದ ಬದಲು ಕ್ರೆಡಿಟ್ (ಮುಂದಿನ ಟಿಕೆಟ್‌ಗೆ ಬಳಸುವ ಜಮೆ) ಇಟ್ಟುಕೊಳ್ಳಿ ಎಂದು ಬಲವಂತ ಮಾಡುವಂತಿಲ್ಲ, ಅದು ನಿಮ್ಮ ಇಷ್ಟ. ಮೊದಲು ಏರ್‌ಲೈನಿನ ದೂರು ವಿಭಾಗಕ್ಕೆ ಬರೆದು ದೂರು ಸಂಖ್ಯೆ ಪಡೆಯಿರಿ, ನಂತರ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್. ಹೋಟೆಲ್, ಟ್ಯಾಕ್ಸಿ, ಆ್ಯಪ್‌ಗಳ ವಿಷಯಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಶ್ರೀನಗರಕ್ಕೆ ಓಡಬೇಕಿಲ್ಲ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಹೋಟೆಲಿನವರಿಂದ ಬರೆಸಿಕೊಂಡ ಆ ವಾಟ್ಸ್ಆ್ಯಪ್ ಸಾಲು, ಆ್ಯಪ್‌ನ ಸ್ಕ್ರೀನ್‌ಶಾಟ್ ಕೆಲಸಕ್ಕೆ ಬರುವುದು ಇಲ್ಲೇ.